ಬೋರ್ಡೋ ಕಲಸುತ್ತಿದ್ದ ಮೂಲೆಯಲ್ಲಿ ಹರಿವೆ: ಬಯೋಚಾರ್ ಹಾಕಿ ನೋಡಿದ ನನ್ನ ಅನುಭವ

ಅಡಿಕೆ ತೋಟ ಇದ್ದವರ ಮನೆಯಲ್ಲಿ ಬೋರ್ಡೋ ಕಲಸುವ ಜಾಗ ಅಂತ ಒಂದು ಇದ್ದೇ ಇರುತ್ತದೆ. ಬೋರ್ಡೋ ಅಂದರೆ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಹೊಡೆಯುವ ಔಷಧಿ, ತಾಮ್ರ ಇರುವ ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀರು. ನಮ್ಮದು ಶಿರಸಿ ಹತ್ತಿರದ ಹಳೇ ತೋಟ. ಅಜ್ಜನ ಕಾಲದಿಂದ ಬ್ಯಾರೆಲ್ ಇಡುತ್ತಿದ್ದದ್ದು ಬಾವಿ ಪಕ್ಕದ ಒಂದೇ ಮೂಲೆಯಲ್ಲಿ. ಚೆಲ್ಲಿದ್ದು, ಪಂಪ್ ತೊಳೆದ ನೀರು, ತಳದಲ್ಲಿ ಉಳಿದ ಗಸಿ ಎಲ್ಲವೂ ಅಲ್ಲೇ ಇಂಗಿದೆ. ಈಗ ಕಲಸುವುದನ್ನು ರಸ್ತೆ ಬದಿಗೆ ತಂದಿದ್ದೇವೆ, ಆ ಮೂಲೆ ಖಾಲಿ. ಬಿಸಿಲು ಚೆನ್ನಾಗಿ ಬೀಳುತ್ತದೆ, ನೀರೂ ಹತ್ತಿರ. ತರಕಾರಿಗೆ ಹೇಳಿ ಮಾಡಿಸಿದ ಜಾಗ ಅಂದುಕೊಂಡೆ. ಅಮ್ಮ ಮಾತ್ರ "ಅಲ್ಲಿ ಎಂತದೂ ಬತ್ತಿಲ್ಲೆ" ಅಂದಳು.

ಬೀಜ ಮೊಳೆಯುತ್ತಿತ್ತು. ಆದರೆ ಹರಿವೆ ನಾಲ್ಕೆಲೆ ಬಿಟ್ಟು ಅಲ್ಲಿಗೇ ನಿಲ್ಲುತ್ತಿತ್ತು. ಕಿತ್ತು ನೋಡಿದರೆ ಬೇರು ಮೋಟು, ತುದಿ ಕಂದು ಬಣ್ಣ, ಸಣ್ಣ ಕವಲುಬೇರು ಇಲ್ಲವೇ ಇಲ್ಲ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ನೋಡಿದವರು ಕಬ್ಬಿಣದ ಕೊರತೆ ಅಂತಾರೆ. ಅದೂ ಸುಳ್ಳಲ್ಲ. ತಾಮ್ರ ಜಾಸ್ತಿಯಾಗಿ ಬೇರು ಸುಟ್ಟುಹೋದ ಗಿಡಕ್ಕೆ ಮಣ್ಣಲ್ಲಿರುವ ಕಬ್ಬಿಣವನ್ನೂ ಎಳೆದುಕೊಳ್ಳಲು ಆಗುವುದಿಲ್ಲ.

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಶೇ. 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. 200 ಲೀಟರಿನ ಒಂದು ಬ್ಯಾರೆಲ್ಲಿಗೆ ಅರ್ಧ ಕೆಜಿ ತಾಮ್ರ ಆಯಿತು. ಮಳೆಗಾಲಕ್ಕೆ ಎರಡು ಸಲ, ಮಳೆ ಬಿಡದಿದ್ದರೆ ಮೂರು ಸಲ ಹೊಡೆಯುತ್ತೇವೆ. ಕೋಲ್ಮನ್ ಎಂಬ ವಿಜ್ಞಾನಿ ಮೈಸೂರು ಸೀಮೆಯಲ್ಲಿ ಕೊಳೆರೋಗದ ಬಗ್ಗೆ ವರದಿ ಬರೆದದ್ದು 1910ರಲ್ಲಿ. ಅಡಿಕೆ ಗೊನೆಗೆ ಬೋರ್ಡೋ ಹೊಡೆಯುವ ಪದ್ಧತಿ ಬಂದದ್ದು ಅವರ ಕಾಲದಲ್ಲೇ. ಅಷ್ಟು ವರ್ಷದ ತಾಮ್ರ ಎಲ್ಲಿಗೆ ಹೋಗುತ್ತದೆ? ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಹೆಚ್ಚಿನದು ಮೇಲ್ಮಣ್ಣಲ್ಲೇ ಕೂತಿರುತ್ತದೆ. ಬೋರ್ಡೋ ಬಿಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಆಷಾಢದ ಮಳೆ ಕಂಡವರು ಯಾರೂ ಹಾಗೆ ಹೇಳುವುದಿಲ್ಲ.

ಮಣ್ಣು ಪರೀಕ್ಷೆ ಮಾಡಿಸಿದೆ. ಇಲ್ಲಿ ಒಂದು ವಿಷಯ ಗಮನಿಸಿ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ತಾಮ್ರದ ಸಾಲು ಇರುತ್ತದೆ, ಆದರೆ ಅದು ಕೊರತೆ ಹುಡುಕಲು ಇರುವ ಸಾಲು. 0.2 ಪಿಪಿಎಂ (ಕೆಜಿ ಮಣ್ಣಿಗೆ ಮಿಲಿಗ್ರಾಂ ಲೆಕ್ಕ) ದಾಟಿದರೆ 'ಸಾಕಷ್ಟಿದೆ'. ಅದರ ಎಷ್ಟೋ ಪಟ್ಟು ಇದ್ದರೂ ಅದೇ 'ಸಾಕಷ್ಟಿದೆ'! ಹಾಗಾಗಿ ಷರಾ ಬಿಟ್ಟು ಅಂಕಿ ನೋಡಿ. ಪಿಎಚ್ ಕೂಡ ನೋಡಿ, ಅದು ಮಣ್ಣಿನ ಹುಳಿಯ ಅಳತೆ. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣು ಮೊದಲೇ ಹುಳಿ. ಹುಳಿ ಹೆಚ್ಚಿದಷ್ಟೂ ತಾಮ್ರ ಕರಗಿ ಬೇರಿಗೆ ಸಿಗುತ್ತದೆ.

ಬಯೋಚಾರ್ ಅಂದರೆ ಗಾಳಿ ಕಡಿಮೆ ಇರುವಲ್ಲಿ ಸುಟ್ಟು ಮಾಡಿದ ಇದ್ದಿಲು, ಅಷ್ಟೇ. ಅದರ ಮೈಯೆಲ್ಲ ಸಣ್ಣ ತೂತು. ತಾಮ್ರ, ಸೀಸ, ಕ್ಯಾಡ್ಮಿಯಂ ಅದರ ಮೈಗೆ ಅಂಟುತ್ತವೆ. ಜೊತೆಗಿರುವ ಬೂದಿ ಮಣ್ಣಿನ ಹುಳಿ ಇಳಿಸುತ್ತದೆ. ತುಡುಗು ದನವನ್ನು ಕೊಟ್ಟಿಗೆಯಲ್ಲಿ ಕಟ್ಟಿದ ಹಾಗೆ ಇದು. ದನ ಎಲ್ಲೂ ಹೋಗಿಲ್ಲ, ಗದ್ದೆಗೆ ಬಾಯಿ ಹಾಕುವುದು ನಿಂತಿದೆ.

ಯಾವುದನ್ನು ಸುಡಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ನಮ್ಮಲ್ಲಿ ರಾಶಿ ಬೀಳುವುದು ಅಡಿಕೆ ಸಿಪ್ಪೆ. ಎಲ್ಲರೂ ಅದನ್ನೇ ಸುಡಿ ಅಂತಾರೆ. ನಾನು ಈ ಮಡಿಗೆ ಅದನ್ನು ಮುಟ್ಟಲಿಲ್ಲ. ಬೋರ್ಡೋ ಬಿದ್ದದ್ದೇ ಆ ಕಾಯಿಗಳ ಮೇಲೆ. ಸುಟ್ಟಾಗ ಸಿಪ್ಪೆಯ ತೂಕದಲ್ಲಿ ಬಹುಪಾಲು ಹೊಗೆಯಾಗಿ ಹೋಗುತ್ತದೆ, ತಾಮ್ರ ಹೋಗುವುದಿಲ್ಲ. ಅಂದರೆ ಇದ್ದಿಲಿನಲ್ಲಿ ಅದು ಇನ್ನೂ ದಟ್ಟ ಆಗುತ್ತದೆ. ತಾಮ್ರ ಕಟ್ಟಿಹಾಕಲು ಹೊರಟು ತಾಮ್ರವನ್ನೇ ಹೊತ್ತು ತಂದು ಸುರಿದ ಹಾಗಾಗುತ್ತದೆ, ಅಲ್ವಾ? ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡು) ಸೊಪ್ಪು ಕಡಿದ ಮೇಲೆ ಉಳಿಯುವ ಹೆಬ್ಬೆರಳು ಗಾತ್ರದ ಕೋಲು ಮತ್ತು ತೆಂಗಿನ ಗೆರಟೆ ಬಳಸಿದೆ. ಬಣ್ಣ ಹಚ್ಚಿದ ಹಳೇ ಕಟ್ಟಿಗೆ, ಪ್ಲೈವುಡ್ ತುಂಡು ಇವೆಲ್ಲ ಬೇಡವೇ ಬೇಡ.

ಡ್ರಮ್ಮು, ಗೂಡು ಏನೂ ಬೇಕಾಗಿಲ್ಲ. ಬಾಯಿ ಅಗಲ, ತಳ ಕಿರಿದು ಇರುವ ಗುಂಡಿ ಸಾಕು. ಬೇಸಿಗೆಯಲ್ಲಿ, ದರಕು (ಒಣ ಎಲೆ) ಗುಡಿಸಿ ತೆಗೆದ ಜಾಗದಲ್ಲಿ, ನೀರು ಪಕ್ಕಕ್ಕಿಟ್ಟುಕೊಂಡು ಮಾಡಿ. ತಳದಲ್ಲಿ ಬೆಂಕಿ ಹಚ್ಚಿ, ಒಣ ಕೋಲು ತೆಳ್ಳಗೆ ಹರಡಿ. ಕೋಲಿನ ಮೈ ಕಪ್ಪಾಗಿ, ಮೇಲೆ ಬಿಳೀ ಬೂದಿಯ ಪೊರೆ ಮೂಡಲು ಶುರುವಾಯಿತೋ, ಆಗಲೇ ಮುಂದಿನ ಪದರ. ತಡ ಮಾಡಿದರೆ ಬೂದಿ, ಅವಸರ ಮಾಡಿದರೆ ಹೊಗೆ. ಮೇಲೆ ಉರಿ ಇರುವ ತನಕ ಕೆಳಗಿನ ಇದ್ದಿಲಿಗೆ ಗಾಳಿ ಸಿಗುವುದಿಲ್ಲ. ಗುಂಡಿ ತುಂಬಿದ ಮೇಲೆ ನೀರು ಹೊಯ್ದು ಕೋಲಿನಿಂದ ತಿರುವುತ್ತಾ ಹೋಗಿ. ಮೇಲೆ ತಣ್ಣಗಾದರೂ ತಳದಲ್ಲಿ ಕೆಂಡ ಇರುತ್ತದೆ. ಹಾಗೇ ಬಿಟ್ಟರೆ ಬೆಳಗ್ಗೆ ಬರೀ ಬೂದಿ. ತಣಿದ ತುಂಡು ಮುರಿದಾಗ ಟಣ್ ಅಂತ ಸದ್ದು ಬರಬೇಕು. ಕೈಗೆ ಹತ್ತಿದ ಮಸಿ ಬರೀ ನೀರಲ್ಲಿ ಹೋಗಬೇಕು. ಜಿಡ್ಡು ಉಳಿದರೆ ಸರಿಯಾಗಿ ಬೆಂದಿಲ್ಲ.

ಪುಡಿ ಮಾಡಲು ಒದ್ದೆ ಇರುವಾಗಲೇ ಗೋಣಿಚೀಲಕ್ಕೆ ತುಂಬಿ ಕುಟ್ಟಿದೆವು. ಒಣಗಿದ್ದನ್ನು ಕುಟ್ಟಿದರೆ ಧೂಳು ನೇರ ಎದೆಗೆ. ಕೆಲಸಕ್ಕೆ ಬಂದವನು "ಹೆಗಡೇರೆ, ಮಸಿ ತಿಂದ್ರೆ ಮಣ್ಣಿಗೆ ಹೊಟ್ಟೆ ತುಂಬ್ತದ?" ಅಂತ ಕೇಳಿದ. ತುಂಬುವುದಿಲ್ಲ, ಇದು ಗೊಬ್ಬರ ಅಲ್ಲ. ಅದಕ್ಕೇ ಚೆನ್ನಾಗಿ ಕಳಿತ ಹಟ್ಟಿ ಗೊಬ್ಬರದ ಜೊತೆ ಕಲಸಿ ಕೆಲವು ವಾರ ಇಟ್ಟೆ. ಗೋಬರ್ ಗ್ಯಾಸಿನ ಹಸಿ ಸ್ಲರಿಯಲ್ಲಿ ನೆನೆಸಿ ಅನ್ನುವವರೂ ಇದ್ದಾರೆ. ಬೇರೆ ಕಡೆ ಮಾಡಿ, ತಾಮ್ರ ಇರುವಲ್ಲಿ ಬೇಡ. ಹಸಿ ಗೊಬ್ಬರದಿಂದ ನೀರಿಗಿಳಿಯುವ ಸಾವಯವ ರಸವನ್ನು ಹಿಡಿದುಕೊಂಡು ತಾಮ್ರ ಮತ್ತೆ ಓಡಾಡುತ್ತದೆ.

ಹಾಕಿದ್ದು ಚದರ ಮೀಟರಿಗೆ 2 ಕೆಜಿ, ಒಣ ತೂಕದಲ್ಲಿ. ಗೇಣು ಆಳದವರೆಗೆ ಗುದ್ದಲಿಯಿಂದ ಕಲಸಿದೆ. ಅಷ್ಟು ಆಳದ ಮಣ್ಣು ಹೆಚ್ಚು ಕಡಿಮೆ 200 ಕೆಜಿ ತೂಗುತ್ತದೆ, ಅಂದರೆ ಶೇ. 1ರಷ್ಟು. ಸುಮ್ನೆ ಮೇಲೆ ಉದುರಿಸಿದರೆ ಮೊದಲ ಮಳೆಗೇ ತೇಲಿ ಹೋಗುತ್ತದೆ.

ಪಕ್ಕದಲ್ಲೇ ಬೇರೆ ಮಡಿಗಳನ್ನೂ ಇಟ್ಟೆ. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಹುಳಿ ಇಳಿಸಲು ಬರೀ ಸುಣ್ಣ, ಒಂದಕ್ಕೆ ಬರೀ ಗೊಬ್ಬರ. ಇದು ಇಲ್ಲದಿದ್ದರೆ ಬಂದ ಫಲ ಬಯೋಚಾರಿನದ್ದೋ, ಅದರ ಬೂದಿಯದ್ದೋ ಹೇಳುವ ಹಾಗೇ ಇಲ್ಲ. ನಿಜ ಹೇಳಬೇಕೆಂದರೆ ಮೊದಲ ಬೆಳೆಯಲ್ಲಿ ಸುಣ್ಣದ ಮಡಿಯೂ ಬಯೋಚಾರ್ ಮಡಿಯೂ ಸರಿಸಮ. ಅಗ್ಗದ್ದು ಸುಣ್ಣವೇ. ವ್ಯತ್ಯಾಸ ಕಂಡದ್ದು ಒಂದು ಮಳೆಗಾಲ ಕಳೆದ ಮೇಲೆ. ಸುಣ್ಣದ ಮಡಿಯ ಪಿಎಚ್ ಮತ್ತೆ ಇಳಿದಿತ್ತು, ಹರಿವೆ ಮತ್ತೆ ಹಳದಿ. ಬಯೋಚಾರ್ ಮಡಿಯಲ್ಲಿ ಗಿಡ ಮೊಣಕಾಲೆತ್ತರ ಬಂತು. ಕಿತ್ತರೆ ಬೇರಿನ ತುಂಬ ಬಿಳೀ ಕವಲು, ಅವುಗಳ ನಡುವೆ ಸಿಕ್ಕಿಕೊಂಡ ಇದ್ದಿಲ ಚೂರು. ಬೇರಿಗೆ ಸಿಗುವ ತಾಮ್ರದ ಅಂಕಿಯೂ ಆ ಮಡಿಯಲ್ಲೇ ಎಲ್ಲಕ್ಕಿಂತ ಕಡಿಮೆ ಬಂತು. ಗೊಬ್ಬರದ ಮಡಿ ನಡುವೆ ಎಲ್ಲೋ ನಿಂತಿತು.

ತಿನ್ನಬಹುದಾ ಅಂತ ಎಲ್ಲರೂ ಕೇಳುತ್ತಾರೆ. ತಾಮ್ರ ಹೆಚ್ಚಾಗಿ ಬೇರಲ್ಲೇ ಉಳಿಯುತ್ತದೆ. ಎಲೆಗೆ ಏರುವ ಮೊದಲೇ ಗಿಡವೇ ಸೊರಗಿ ನಮಗೆ ಸುದ್ದಿ ಕೊಡುತ್ತದೆ. ಕ್ಯಾಡ್ಮಿಯಂ ಹಾಗಲ್ಲ. ಗಿಡ ಹಚ್ಚಗೇ ಇರುತ್ತದೆ, ಎಲೆಯಲ್ಲಿ ವಿಷ ತುಂಬಿರುತ್ತದೆ. ಸೊಪ್ಪಿಗೆ ಅದರ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಕೆಜಿಗೆ 0.2 ಮಿಲಿಗ್ರಾಂ. ಹಳೇ ಬ್ಯಾಟರಿ, ಗ್ಯಾರೇಜಿನ ಕಸ ಬಿದ್ದ ಜಾಗದಲ್ಲಿ ಸೊಪ್ಪು ಬೆಳೆಯುವವರು ಕಣ್ಣಳತೆಯನ್ನು ನಂಬಬೇಡಿ, ಎಲೆಯನ್ನೇ ಪರೀಕ್ಷೆಗೆ ಕೊಡಿ. ಆರ್ಸೆನಿಕ್ ಇದ್ದರಂತೂ ಬಯೋಚಾರ್ ಕಡೆ ಹೋಗಬೇಡಿ. ಪಿಎಚ್ ಏರಿದರೆ ಅದು ಇನ್ನೂ ಸಡಿಲವಾಗಿ ಗಿಡಕ್ಕೆ ಸಿಗಬಹುದು.

ಇಡೀ ತೋಟಕ್ಕೆ ಹಾಕುತ್ತೀರಾ ಅಂದರೆ, ಇಲ್ಲ. ಇದೇ ಲೆಕ್ಕದಲ್ಲಿ ಎಕರೆಗೆ 8 ಟನ್ ಇದ್ದಿಲು ಸುಡುವಷ್ಟು ಕಟ್ಟಿಗೆ ಯಾರ ಬೆಟ್ಟದಲ್ಲೂ ಇಲ್ಲ. ತೋಟಕ್ಕೆ ಕೆಲವು ವರ್ಷಕ್ಕೊಮ್ಮೆ ಹೊಸ ಮಣ್ಣು ಹಾಕುವ ನಮ್ಮ ಹಳೇ ಕ್ರಮವೇ ಸಾಕು, ಜೊತೆಗೆ ಸುಣ್ಣ. ಬಯೋಚಾರ್ ಇಂಥ ಮೂಲೆಗಳಿಗೆ ಮಾತ್ರ. ಅಲ್ಲಿ ಈಗ ಬಸಳೆ ಚಪ್ಪರ ಹಾಕುವ ತಯಾರಿ ನಡೆದಿದೆ. ಅದಕ್ಕೂ ಮೊದಲು ಮಣ್ಣನ್ನು ಇನ್ನೊಮ್ಮೆ ಪರೀಕ್ಷೆಗೆ ಕಳಿಸಬೇಕು.