ಹತ್ತಡಿ ರೂಮಿಗೆ ಐದಿಂಚಿನ ಸ್ಪೀಕರ್: ಎಲ್ಲಿಡಬೇಕು, ಹೇಗಿಡಬೇಕು

ಮನೆಯ ಸಣ್ಣ ರೂಮಿನಲ್ಲಿ ಹಾಡು ಮಿಕ್ಸ್ ಮಾಡಲು, ಅಂದರೆ ಬೇರೆ ಬೇರೆ ದನಿಗಳನ್ನು ಹದವಾಗಿ ಬೆರೆಸಲು, ಸ್ಪೀಕರ್ ಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಎಂಟಿಂಚಿನದು ತರಬೇಡಿ. ಅಂಗಡಿಯಲ್ಲಿ ಕೇಳುವಾಗ ಎದೆ ನಡುಗಿಸುತ್ತದೆ ನಿಜ. ಆದರೆ ನಿಮ್ಮ ರೂಮು 10 ಅಡಿಗೆ 12 ಅಡಿ ಅಂದುಕೊಳ್ಳಿ. ಪ್ರತಿ ಅಳತೆಗೂ ತನ್ನದೇ ಒಂದು ತಗ್ಗಿನ ಸ್ವರ ಇರುತ್ತದೆ: 12 ಅಡಿ ಉದ್ದಕ್ಕೆ ಸುಮಾರು 47 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), 10 ಅಡಿ ಅಗಲಕ್ಕೆ ಸುಮಾರು 56 ಹರ್ಟ್ಸ್. ಈ ಸ್ವರಗಳು ಗೋಡೆಗಳ ನಡುವೆ ಸಿಕ್ಕಿಕೊಂಡು ಒಂದು ಕಡೆ ಉಬ್ಬುತ್ತವೆ, ಇನ್ನೊಂದು ಕಡೆ ಮಾಯವಾಗುತ್ತವೆ. ತಾರಸಿಯೂ 10 ಅಡಿ ಎತ್ತರದಲ್ಲಿದ್ದರೆ 56 ಹರ್ಟ್ಸ್ ಕಾಟ ಎರಡು ಪಟ್ಟು. ಎಂಟಿಂಚಿನ ಸ್ಪೀಕರ್ ಇವೆಲ್ಲವನ್ನೂ ಕೆದಕುತ್ತದೆ. ಐದಿಂಚಿನದು ಅಷ್ಟು ತಗ್ಗಿಗೆ ಇಳಿಯುವ ಹೊತ್ತಿಗೆ ಸುಸ್ತಾಗಿರುತ್ತದೆ. ಸಣ್ಣ ರೂಮಿಗೆ ಆ ಸುಸ್ತೇ ಒಳ್ಳೆಯದು.

ನಾನು ಮೈಸೂರಿನ ಬಾಡಿಗೆ ಮನೆಯ ಇಂಥದ್ದೇ ರೂಮಿನಲ್ಲಿ ನೃತ್ಯ ಶಾಲೆಗಳ ವಾರ್ಷಿಕೋತ್ಸವಕ್ಕೆ ಟ್ರ್ಯಾಕ್ ಮಾಡಿಕೊಡುತ್ತೇನೆ. ಹಾಡುಗಾರಿಕೆ, ವೀಣೆ, ಮೃದಂಗ, ನಟುವಾಂಗ ಎಲ್ಲ ಇಲ್ಲೇ ಮಿಕ್ಸ್ ಆಗಬೇಕು. ನನ್ನ ಹತ್ತಿರ ಇರುವುದು ಯಮಹಾ ಎಚ್‌ಎಸ್5. ಆಂಪ್ಲಿಫೈಯರ್ ಪೆಟ್ಟಿಗೆಯ ಒಳಗೇ ಇದೆ, ವೂಫರ್‌ಗೆ (ತಗ್ಗಿನ ಸದ್ದಿನ ದೊಡ್ಡ ಕೋನು, ಐದಿಂಚು ಅನ್ನುವುದು ಇದರ ಅಳತೆ) 45 ವ್ಯಾಟ್, ಟ್ವೀಟರ್‌ಗೆ (ಮೇಲಿನ ಸದ್ದಿನ ಸಣ್ಣದು) 25 ವ್ಯಾಟ್. ಬೇರೆ ಕಂಪನಿಯದಾದರೂ ಕೆಳಗಿನ ಮಾತುಗಳಲ್ಲಿ ಹೆಚ್ಚಿನವು ಹಾಗೇ ಹೊಂದುತ್ತವೆ.

ಯಾವ ಗೋಡೆಗೆ ಮುಖ ಮಾಡಿ ಕೂರಬೇಕು? ಗಿಡ್ಡ ಗೋಡೆಗೆ, ಅಂದರೆ 10 ಅಡಿಯದಕ್ಕೆ. ಬೆನ್ನ ಹಿಂದೆ ಜಾಗ ಜಾಸ್ತಿ ಸಿಗುತ್ತದೆ. ಮೂಲೆಗೆ ಟೇಬಲ್ ಹಾಕಿ ಎರಡು ಸ್ಪೀಕರ್ ಇಡುವವರಿದ್ದಾರೆ. ಹಾಗೆ ಮಾಡಿದರೆ ಒಂದು ಮೂಲೆಗೆ ಅಂಟಿಕೊಂಡು ಗುಂಯ್ ಅನ್ನುತ್ತದೆ, ಇನ್ನೊಂದು ತೆಳ್ಳಗೆ ಕೇಳುತ್ತದೆ. ಎಡಕ್ಕೂ ಬಲಕ್ಕೂ ಪಕ್ಕದ ಗೋಡೆ ಸಮ ದೂರ ಇರಲೇಬೇಕು.

ಈಗ ಟೇಪು, ದಾರ, ಒಂದು ಮೈಕ್ ಸ್ಟ್ಯಾಂಡ್ ತನ್ನಿ. ಎದುರಿನ ಗೋಡೆಯಿಂದ ನಾಲ್ಕೂವರೆ ಅಡಿ ಹಿಂದೆ, ಅಗಲದ ಸರಿ ಮಧ್ಯದಲ್ಲಿ ಸ್ಟ್ಯಾಂಡ್ ನಿಲ್ಲಿಸಿ. ಅದು ನಿಮ್ಮ ತಲೆಯ ಜಾಗ. ಸ್ಪೀಕರಿನ ಮುಖ ಗೋಡೆಯಿಂದ ಸುಮಾರು ಒಂದಡಿ ಮುಂದಿರಲಿ. ಎರಡು ಟ್ವೀಟರ್‌ಗಳ ನಡುವೆ 4 ಅಡಿ, ಒಂದೊಂದು ಪಕ್ಕಕ್ಕೂ 3 ಅಡಿ ಉಳಿಯುತ್ತದೆ. ಸ್ಟ್ಯಾಂಡಿಗೆ ದಾರ ಕಟ್ಟಿ ಒಂದೊಂದೇ ಟ್ವೀಟರ್‌ವರೆಗೆ ಎಳೆಯಿರಿ. ಅದೂ 4 ಅಡಿಯೇ ಬರಬೇಕು. ದಾರ ಬಿಗಿಯಾಗಿರುವಾಗಲೇ ಸ್ಪೀಕರನ್ನು ದಾರದ ದಿಕ್ಕಿಗೆ ತಿರುಗಿಸಿ, ಮುಖ ನೇರ ಕಿವಿಗೆ ಬರುತ್ತದೆ. ಮೂರೂ ಬದಿ ಸಮ ಇರುವ ತ್ರಿಕೋನ ಸಿದ್ಧ. ರೂಮಿನ ನಟ್ಟನಡುವೆ, 6 ಅಡಿಯಲ್ಲಿ, ಮಾತ್ರ ಕೂರಬೇಡಿ. ಉದ್ದದ ಆ 47 ಹರ್ಟ್ಸ್ ಸ್ವರ ಅಲ್ಲಿ ಸತ್ತೇ ಹೋಗಿರುತ್ತದೆ. ಹಿಂದಿನ ಗೋಡೆಗೆ ಒರಗಿ ಕೂತರೆ ಅದೇ ಸ್ವರ ಉಬ್ಬಿ ಕೇಳುತ್ತದೆ.

ಎದುರಿನ ಗೋಡೆಯಿಂದ ಒಂದೇ ಅಡಿ ಸಾಕಾ ಅಂತ ಕೇಳುತ್ತಾರೆ. ಸಣ್ಣ ರೂಮಿನಲ್ಲಿ ಸಾಕು. ಸ್ಪೀಕರಿನಿಂದ ಹೊರಟ ತಗ್ಗಿನ ಸದ್ದು ಅದರ ಬೆನ್ನ ಹಿಂದಿನ ಗೋಡೆಗೆ ಬಡಿದು ತಿರುಗಿ ಬಂದು ನೇರ ಸದ್ದಿನ ಜೊತೆ ಕಾದಾಡುತ್ತದೆ. ಮುಖಕ್ಕೂ ಗೋಡೆಗೂ 3 ಅಡಿ ಇದ್ದರೆ ಸದ್ದು ಕುಸಿದು ಹಳ್ಳ ಬೀಳುವುದು ಸುಮಾರು 94 ಹರ್ಟ್ಸ್‌ನಲ್ಲಿ. ರವೆ ಹಚ್ಚಿದ ಮೃದಂಗದ ಎಡಗಡೆಯ ತೂಕವೆಲ್ಲ ಇರುವುದು ಆ ಆಸುಪಾಸಿನಲ್ಲಿ. ಇಲ್ಲಿ ಕೇಳಿಸುತ್ತಿಲ್ಲ ಅಂತ ನೀವು ಅದನ್ನು ಏರಿಸುತ್ತೀರಿ, ಸಭಾಂಗಣದ ದೊಡ್ಡ ಸ್ಪೀಕರಿನಲ್ಲಿ ಎಡಗೈ ಪೆಟ್ಟಿಗೆ ಹುಡುಗಿಯರ ಗೆಜ್ಜೆಯೇ ಮುಳುಗಿಹೋಗುತ್ತದೆ. ಒಂದಡಿಗೆ ತಂದರೆ ಹಳ್ಳ 280 ಹರ್ಟ್ಸ್ ಸುತ್ತಮುತ್ತ ಹೋಗುತ್ತದೆ. ಅದನ್ನು ಸ್ಪೀಕರಿನ ಹಿಂದಿನ ಗೋಡೆಗೆ ಸದ್ದು ಹೀರುವ ಒಂದು ದಪ್ಪ ಪ್ಯಾನೆಲ್ ಹಾಕಿ ಹದ್ದುಬಸ್ತಿಗೆ ತರಬಹುದು, 94ನ್ನು ಅಷ್ಟು ಸುಲಭವಾಗಿ ಆಗುವುದಿಲ್ಲ. ಹಿಂಬದಿ ತೂತು ಇರುವ ಸ್ಪೀಕರ್ ಆದರೆ ಬೆನ್ನಿಗೂ ಪ್ಯಾನೆಲ್‌ಗೂ ಒಂದು ಗೇಣಾದರೂ ಜಾಗ ಬಿಡಿ, ಅದಕ್ಕಾಗಿ ಎಲ್ಲವನ್ನೂ ಗೋಡೆಯಿಂದ ಸ್ವಲ್ಪ ದೂರ ಸರಿಸಬೇಕಾದರೂ ಸರಿ. ಗೋಡೆ ಹತ್ತಿರ ಇದ್ದಾಗ ಬೇಸ್ ಜಾಸ್ತಿಯಾಗುತ್ತದೆ. ಅದಕ್ಕೇ ಸ್ಪೀಕರಿನ ಬೆನ್ನಿಗೆ 'ರೂಮ್ ಕಂಟ್ರೋಲ್' ಸ್ವಿಚ್ ಇರುವುದು. ಎಚ್‌ಎಸ್5ನಲ್ಲಿ ಅದು 500 ಹರ್ಟ್ಸ್‌ಗಿಂತ ಕೆಳಗಿನದನ್ನು 2 ಅಥವಾ 4 ಡೆಸಿಬೆಲ್ ತಗ್ಗಿಸುತ್ತದೆ. ನನ್ನದು ಮೈನಸ್ 2ರಲ್ಲಿದೆ.

ಎತ್ತರ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು. ಟೇಬಲ್ ಮೇಲೆ ಹಾಗೇ ಇಟ್ಟರೆ ಎದೆಯ ಮಟ್ಟಕ್ಕಿರುತ್ತದೆ, ಮೇಲಾಗಿ ಹಲಗೆಯೂ ಜೊತೆಗೆ ಹಾಡುತ್ತದೆ. ನಾನು ವೆಲ್ಡಿಂಗ್ ಅಂಗಡಿಯಲ್ಲಿ ಅಗಲ ತಳದ, ಚೌಕ ಪೈಪಿನ ಎರಡು ಸ್ಟ್ಯಾಂಡ್ ಮಾಡಿಸಿ, ಒಳಗೆ ಚೆನ್ನಾಗಿ ಒಣಗಿಸಿದ ಮರಳು ತುಂಬಿಸಿದೆ. ತಟ್ಟಿದರೆ ಠಣ್ ಅನ್ನುವುದಿಲ್ಲ, ದಪ್ ಅನ್ನುತ್ತದೆ. ಮೇಲೆ ಮೌಸ್ ಪ್ಯಾಡ್ ಕತ್ತರಿಸಿ ಹಾಸಿದ್ದೇನೆ. ಸ್ಪೀಕರನ್ನು ಅಡ್ಡ ಮಲಗಿಸಬೇಡಿ. ತಲೆ ಸ್ವಲ್ಪ ಪಕ್ಕಕ್ಕೆ ಸರಿದರೂ ಹಾಡುವವರ ದನಿ ಬೇರೆಯಾಗಿ ಕೇಳುತ್ತದೆ.

ಇನ್ನು ಪಕ್ಕದ ಗೋಡೆ. ನೀವು ಜಾಗದಲ್ಲಿ ಕೂತು, ಮನೆಯಲ್ಲಿ ಯಾರಿಗಾದರೂ ಕೈಕನ್ನಡಿ ಕೊಟ್ಟು ಗೋಡೆಯುದ್ದಕ್ಕೂ ಕಿವಿಯ ಎತ್ತರದಲ್ಲಿ ಸರಿಸಲು ಹೇಳಿ. ಕನ್ನಡಿಯಲ್ಲಿ ಟ್ವೀಟರ್ ಕಂಡ ಕಡೆ ಪೆನ್ಸಿಲ್ ಗುರುತು ಹಾಕಿ. ಅಲ್ಲಿಗೊಂದು ಪ್ಯಾನೆಲ್: 2 ಅಡಿಗೆ 4 ಅಡಿ ಮರದ ಚೌಕಟ್ಟು, 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಮೇಲೆ ಖಾದಿ ಬಟ್ಟೆ. ಗೋಡೆಗೂ ಅದಕ್ಕೂ ಎರಡಿಂಚು ಜಾಗ ಬಿಟ್ಟರೆ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. ರಾಕ್‌ವೂಲ್ ಮುಟ್ಟುವಾಗ ಗ್ಲೌಸು, ಮಾಸ್ಕು ಬೇಕೇ ಬೇಕು, ಇಲ್ಲದಿದ್ದರೆ ರಾತ್ರಿಯೆಲ್ಲ ತುರಿಕೆ. ಮೊಟ್ಟೆ ಟ್ರೇ ಅಂಟಿಸುವ ಐಡಿಯಾ ಬಿಡಿ, ಬೇಸ್‌ಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಿಂದಿನ ಮೂಲೆಗಳಲ್ಲಿ ಹಳೇ ಹತ್ತಿ ಹಾಸಿಗೆ ಸುತ್ತಿ ನಿಲ್ಲಿಸಿದರೆ ಅದಕ್ಕಿಂತ ಎಷ್ಟೋ ಮೇಲು. ಮಲೆನಾಡಿನವರು ಮಾತ್ರ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ನೋಡಿಕೊಳ್ಳಿ.

ಕೇಬಲ್ ವಿಷಯ ಚಿಕ್ಕದು. ಕಂಪ್ಯೂಟರಿನ ದನಿಯನ್ನು ಹೊರಗೆ ಕೊಡುವ ಇಂಟರ್‌ಫೇಸ್ ಪೆಟ್ಟಿಗೆಯಿಂದ, ಹೊರಗಿನ ಗದ್ದಲ ತಡೆಯುವ ಬ್ಯಾಲೆನ್ಸ್ಡ್ ಕೇಬಲ್ಲೇ ಹಾಕಿ, ತುದಿಯಲ್ಲಿ ಟಿಆರ್‌ಎಸ್ ಅಥವಾ ಎಕ್ಸ್‌ಎಲ್‌ಆರ್ ಪ್ಲಗ್ಗಿನದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದ ಉದ್ದಕ್ಕೆ ಮಾಡಿಕೊಡುವವರಿದ್ದಾರೆ. ಒಂದು ಕೇಬಲ್ಲಿನ ಬೆಸುಗೆಯಲ್ಲಿ ಎರಡು ತಂತಿ ಅದಲು ಬದಲಾದರೆ ಹಾಡುವವರ ದನಿ ನಡುವೆ ನಿಲ್ಲದೆ ಎರಡೂ ಕಡೆ ಚದುರುತ್ತದೆ, ಬೇಸ್ ಕರಗುತ್ತದೆ. ಮೋನೋ ದನಿ, ಅಂದರೆ ಎರಡೂ ಸ್ಪೀಕರಿಗೆ ಒಂದೇ ದನಿ, ಹಾಕಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಕರೆಂಟು. ಕಂಪ್ಯೂಟರ್, ಇಂಟರ್‌ಫೇಸ್, ಸ್ಪೀಕರ್ ಎಲ್ಲ ಒಂದೇ ಸಾಕೆಟ್ಟಿನಿಂದ ಬರಲಿ. ಗುಂಯ್ ಅನ್ನುವ ಹಮ್ ಬಂತು ಅಂತ ಅರ್ತಿಂಗ್ ಪಿನ್ ಕೀಳಬೇಡಿ, ಪ್ರಾಣಕ್ಕೇ ಅಪಾಯ. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಅದರ ಮೇಲೆ ಓಡುವಾಗ ಝುಂಯ್ ಅನ್ನಬಹುದು, ಆ ಹೊತ್ತು ಹೆಡ್‌ಫೋನ್ ಹಾಕಿಕೊಳ್ಳಿ. ಆನ್ ಮಾಡುವಾಗ ಸ್ಪೀಕರ್ ಕೊನೆಗೆ, ಆಫ್ ಮಾಡುವಾಗ ಮೊದಲು. ಕರೆಂಟ್ ಹೋದ ತಕ್ಷಣ ಸ್ಪೀಕರ್ ಸ್ವಿಚ್ ಆರಿಸುವುದು ಕೈಗೆ ಅಭ್ಯಾಸವಾಗಲಿ, ವಾಪಸ್ ಬಂದಾಗ ಧಡ್ ಅನ್ನುವುದು ತಪ್ಪುತ್ತದೆ.

ಕೊನೆಗೆ ಮಟ್ಟ. ಪಿಂಕ್ ನಾಯ್ಸ್ (ಎಲ್ಲ ಸ್ವರವೂ ಬೆರೆತ, ಮಳೆಯಂಥ ಸದ್ದು) ಹಾಕಿ, ಒಂದು ಸಲಕ್ಕೆ ಒಂದೇ ಸ್ಪೀಕರ್. ಕೂರುವ ಜಾಗದಲ್ಲಿ ಮೊಬೈಲಿನ ಸೌಂಡ್ ಮೀಟರ್ ಹಿಡಿದು ಎರಡೂ ಒಂದೇ ಅಂಕಿ ತೋರಿಸುವಂತೆ ಹಿಂದಿನ ಗುಂಡಿ ತಿರುಗಿಸಿ, 75 ಡೆಸಿಬೆಲ್ ಆಸುಪಾಸು ಸಾಕು. ಆಮೇಲೆ 40ರಿಂದ 200 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರುವ ಟೋನ್ ಬಿಡಿ. ಎಲ್ಲಿ ಉಬ್ಬಿತು, ಎಲ್ಲಿ ಕುಸಿಯಿತು ಬರೆದುಕೊಳ್ಳಿ. ಕುರ್ಚಿಯನ್ನು ಅರ್ಧ ಅಡಿ ಹಿಂದೆ ಮುಂದೆ ಮಾಡಿ ಮತ್ತೆ ಕೇಳಿ, ಕಡಿಮೆ ಏರಿಳಿತ ಇರುವ ಕಡೆ ನೆಲಕ್ಕೆ ಟೇಪ್ ಅಂಟಿಸಿ, ಸ್ಪೀಕರ್‌ಗಳನ್ನೂ ಅಷ್ಟೇ ಸರಿಸಿ. ಟೋನ್ ಬಿಡುವಾಗ ರೂಮಿನ ಕಬ್ಬಿಣದ ಬೀರು ಯಾವುದೋ ಒಂದು ಸ್ವರಕ್ಕೆ ಗಡಗಡ ಅನ್ನುತ್ತದೆ. ಅದರ ಬಾಗಿಲ ಸಂದಿಗೆ ಮಡಚಿದ ಬಟ್ಟೆ ಸಿಕ್ಕಿಸಿದರೆ ಸುಮ್ನಾಗುತ್ತದೆ.