ಆರು ರೋಬೋ, ಈವೆಂಟ್ ಟ್ರಿಗರ್ಡ್ ಕನ್ಸೆನ್ಸಸ್, ಮತ್ತೆ ಕಳೆದುಹೋಗೋ ಪ್ಯಾಕೆಟ್‌ಗಳು: ನನ್ನ ಅನುಭವ

ಆರು ಪುಟ್ಟ ರೋಬೋ, ಒಂದೊಂದಕ್ಕೂ ಒಂದು ಇಎಸ್‌ಪಿ32 ಬೋರ್ಡು, ಅಂದ್ರೆ ರೇಡಿಯೋ ಇರೋ ಪುಟ್ಟ ಕಂಪ್ಯೂಟರ್. ಅಕ್ಕಪಕ್ಕ ಆರು ಸಾಲು, ಪ್ರತಿಯೊಂದೂ ತನ್ನ ಸಾಲಲ್ಲಿ ಹಿಂದೆ ಮುಂದೆ ಹೋಗತ್ತೆ ಅಷ್ಟೇ. ಕೊನೆಗೆ ಎಲ್ಲಾ ಒಂದೇ ಗೆರೆಗೆ ಬಂದು ನಿಲ್ಬೇಕು, ಆ ಗೆರೆ ಶುರುವಿನ ಪೊಸಿಷನ್‌ಗಳ ಸರಾಸರಿನೇ ಆಗಿರ್ಬೇಕು, ಲೀಡರ್ ಅಂತ ಯಾರೂ ಇಲ್ಲ. ಹಿಂಗೆ ತಮ್ಮತಮ್ಮಲ್ಲೇ ಒಂದು ವ್ಯಾಲ್ಯೂಗೆ ಒಪ್ಪೋದೇ ಕನ್ಸೆನ್ಸಸ್. ರಿಂಗ್ ಗ್ರಾಫ್, ಅಂದ್ರೆ ಒಂದೊಂದಕ್ಕೂ ಎರಡೇ ನೈಬರ್.

ಮಾಮೂಲಿ ದಾರಿ ಅಂದ್ರೆ ಪ್ರತಿ 50 ಮಿಲಿಸೆಕೆಂಡಿಗೆ ಎಲ್ಲವೂ ತಮ್ಮ ಪೊಸಿಷನ್ ಕಳಿಸ್ತಾ ಇರೋದು, ಆದ್ರೆ ಗೆರೆಗೆ ಬಂದು ನಿಂತ್ಮೇಲೂ ಅದೇ ಸ್ಪೀಡಲ್ಲಿ ಕಳಿಸ್ತಾನೇ ಇರ್ತವೆ, ರೇಡಿಯೋ ಸುಮ್ನೆ ಬ್ಯಾಟರಿ ತಿನ್ನತ್ತೆ. ಅದಕ್ಕೆ ಸೈಬೋತ್, ಡಿಮರೋಗೋನಾಸ್, ಯೋಹಾನ್ಸನ್ ಅವ್ರ 2013ರ ಸ್ಕೀಮ್ ತಗೊಂಡೆ. ಕೊನೇ ಸಲ ಹೇಳಿದ ಪೊಸಿಷನ್‌ಗೂ ಈಗಿನದಕ್ಕೂ ವ್ಯತ್ಯಾಸ ಒಂದು ಥ್ರೆಶೋಲ್ಡ್ (ಮಿತಿ) ದಾಟಿದ್ರೆ ಮಾತ್ರ ಕಳಿಸೋದು, ಈವೆಂಟ್ ಟ್ರಿಗರ್ಡ್ ಅಂದ್ರೆ ಇದೇ. ಥ್ರೆಶೋಲ್ಡಲ್ಲಿ ಒಂದು ಸ್ಥಿರ ಭಾಗ, ಅದ್ರ ಮೇಲೆ ಟೈಮ್ ಜೊತೆ ಎಕ್ಸ್‌ಪೊನೆನ್ಶಿಯಲ್ ಆಗಿ ಕರಗೋ ಇನ್ನೊಂದು ಭಾಗ. ನಾನು ಸ್ಥಿರ ಭಾಗಕ್ಕೆ 0.5 ಸೆಂಟಿಮೀಟರ್, ಕರಗೋ ಭಾಗಕ್ಕೆ ಶುರುವಲ್ಲಿ 5 ಸೆಂಟಿಮೀಟರ್ ಇಟ್ಟೆ.

ಇದರಲ್ಲಿ ನಂಗೆ ತುಂಬಾ ಇಷ್ಟ ಆದ ವಿಷ್ಯ ಒಂದಿದೆ. ಪ್ರತಿ ರೋಬೋದ ಸ್ಪೀಡ್ ಅಂದ್ರೆ ಎರಡು ನೈಬರ್ ಜೊತೆಗಿನ ಪೊಸಿಷನ್ ವ್ಯತ್ಯಾಸಗಳ ಮೊತ್ತ ಇಂಟು ಗೇನ್ ಅನ್ನೋ ಒಂದು ಸ್ಥಿರ ಸಂಖ್ಯೆ. ಈ ಲೆಕ್ಕ ಹಾಕುವಾಗ ರೋಬೋ ತನ್ನ ನಿಜವಾದ ಪೊಸಿಷನ್ ಬಳಸಲ್ಲ, ತಾನೇ ಕೊನೇಗೆ ಹೊರಗೆ ಹೇಳಿದ ವ್ಯಾಲ್ಯೂನ ಬಳಸತ್ತೆ. ಹೊಸ ಪೊಸಿಷನ್ ಕೈಯಲ್ಲೇ ಇರುವಾಗ ಹಳೇದ್ಯಾಕೆ ಅನ್ಸತ್ತೆ, ಆದ್ರೆ ಹಿಂಗಿದ್ರೇನೇ ಪ್ರತಿ ಜೋಡಿಯಲ್ಲಿ ಒಬ್ಬರ ಪ್ಲಸ್ ಇನ್ನೊಬ್ಬರ ಮೈನಸ್ ಸರಿಯಾಗಿ ಹೊಡೆದುಹೋಗಿ ಆರೂ ಸ್ಪೀಡ್ ಕೂಡಿದ್ರೆ ಸೊನ್ನೆ ಬರೋದು, ಸರಾಸರಿ ಅಲ್ಲಾಡದೇ ಇರೋದು.

ಆದ್ರೆ ಈ ಲೆಕ್ಕ ನಿಂತಿರೋದು ಇಬ್ಬರ ಹತ್ರನೂ ಒಂದೇ ವ್ಯಾಲ್ಯೂ ಇದೆ ಅನ್ನೋ ನಂಬಿಕೆ ಮೇಲೆ. ಪ್ಯಾಕೆಟ್ ದಾರೀಲಿ ಕಳೆದುಹೋಯ್ತು ಅಂದ್ರೆ ನಾನು ಹೇಳಿದೀನಿ ಅಂದ್ಕೊಂಡಿರೋದೊಂದು, ಅವ್ರ ಹತ್ರ ಇರೋದೊಂದು, ಸರಾಸರಿ ಅಲ್ಲಿಂದಲೇ ಜಾರಕ್ಕೆ ಶುರು. ಪ್ರತಿ 50 ಮಿಲಿಸೆಕೆಂಡಿಗೆ ಕಳಿಸೋ ಸಿಸ್ಟಮಲ್ಲಿ ಮುಂದಿನ ಪ್ಯಾಕೆಟ್ ತಕ್ಷಣ ಸರಿಮಾಡತ್ತೆ, ಇಲ್ಲಿ ಮುಂದಿನ ಪ್ಯಾಕೆಟ್ ಯಾವಾಗ ಬರತ್ತೋ ಗೊತ್ತಿಲ್ಲ. "ಏನಾದ್ರೂ ಇದ್ರೆ ಫೋನ್ ಮಾಡ್ತೀನಿ" ಅಂತ ಊರಿಗೆ ಹೋದೋರ ಫೋನೇ ಸ್ವಿಚ್ ಆಫ್ ಆದಂಗೆ, ಸುದ್ದಿ ಇಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ ಅಂದ್ಕೊಳ್ಳೋದು ಹೆಂಗೆ?

ಈ ಬೋರ್ಡುಗಳು ತಮ್ಮಲ್ಲೇ ಮಾತಾಡೋ ಇಎಸ್‌ಪಿ ನೌ ಪ್ರೋಟೋಕಾಲಲ್ಲಿ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಒಟ್ಟಿಗೆ) ಮಾಡಿದ್ರೆ ಅಕ್ನಾಲೆಡ್ಜ್‌ಮೆಂಟ್, ಅಂದ್ರೆ "ತಲುಪಿತು" ಅನ್ನೋ ಅಕ್, ಬರಲ್ಲ, ಯೂನಿಕಾಸ್ಟಲ್ಲಿ (ಒಬ್ಬರಿಗೇ ಕಳಿಸಿದ್ರೆ) ಬರತ್ತೆ. ಅದಕ್ಕೆ ಎರಡು ನೈಬರ್‌ಗೂ ಬೇರೆಬೇರೆಯಾಗಿ ಕಳಿಸಿದೆ, ಅಕ್ ಬರೋ ತನಕ ಅದೇ ಪ್ಯಾಕೆಟ್ ಮತ್ತೆ ಮತ್ತೆ. ಪ್ಯಾಕೆಟ್ ತಲುಪಿ ಅಕ್ ಮಾತ್ರ ಕಳೆದುಹೋದ್ರೂ ತೊಂದ್ರೆ ಇಲ್ಲ, ಯಾಕಂದ್ರೆ ಕಳಿಸೋದು ಪೂರ್ತಿ ಪೊಸಿಷನ್, "ಇಷ್ಟು ಸರಿದೆ" ಅನ್ನೋ ವ್ಯತ್ಯಾಸ ಅಲ್ಲ, ಎರಡು ಸಲ ಬಂದ್ರೂ ಅದೇ ವ್ಯಾಲ್ಯೂ. ಜೊತೆಗೆ ಸೆಕೆಂಡಿಗೊಂದು ಹಾರ್ಟ್‌ಬೀಟ್, ಅಂದ್ರೆ "ನಾನಿನ್ನೂ ಇದೀನಿ" ಅನ್ನೋ ಸಣ್ಣ ಸಂದೇಶ. ಹಾರ್ಟ್‌ಬೀಟ್ ಬರದಿದ್ರೆ ಆ ಲಿಂಕ್ ಬಿಡೋದು, ಬಿಟ್ರೆ ಎರಡೂ ಕಡೆಯವರು ಬಿಡ್ಬೇಕು, ಒಬ್ಬರೇ ಬಿಟ್ರೆ ಪ್ಲಸ್ ಮೈನಸ್ ಲೆಕ್ಕ ಮತ್ತೆ ಕೆಡತ್ತೆ.

ಲಿಂಕ್ ಬಿಡೋ ವಿಷ್ಯ ಥ್ರೆಶೋಲ್ಡ್ ಎಷ್ಟು ಬೇಗ ಕರಗಬೇಕು ಅನ್ನೋದಕ್ಕೂ ತಗುಲತ್ತೆ. ಲ್ಯಾಪ್ಲಾಸಿಯನ್ ಅಂದ್ರೆ ಯಾರಿಗೆ ಯಾರು ನೈಬರ್ ಅಂತ ಹೇಳೋ ಮ್ಯಾಟ್ರಿಕ್ಸ್, ಅದ್ರ ಎರಡನೇ ಐಗನ್‌ವ್ಯಾಲ್ಯೂ ದೊಡ್ಡದಿದ್ದಷ್ಟೂ ರೋಬೋಗಳು ಬೇಗ ಒಂದೇ ಗೆರೆಗೆ ಬರ್ತವೆ. ಕರಗೋ ರೇಟು ಗ್ರಾಫ್‌ನ ಲ್ಯಾಪ್ಲಾಸಿಯನ್‌ನ ಈ ಎರಡನೇ ಐಗನ್‌ವ್ಯಾಲ್ಯೂ ಇಂಟು ಗೇನ್ ಇದೆಯಲ್ಲ, ಅದಕ್ಕಿಂತ ಕಮ್ಮಿ ಇರ್ಬೇಕು. ಆರರ ರಿಂಗಿಗೆ ಆ ಐಗನ್‌ವ್ಯಾಲ್ಯೂ ಸರಿಯಾಗಿ 1, ನನ್ನ ಗೇನ್ 0.1, ಅಂದ್ರೆ ಮಿತಿ 0.1. ಆದ್ರೆ ಒಂದೇ ಒಂದು ಲಿಂಕ್ ಹೋದ್ರೂ ರಿಂಗ್ ನೇರ ಸರಪಳಿ ಆಗತ್ತೆ, ಐಗನ್‌ವ್ಯಾಲ್ಯೂ 0.27ರ ಹತ್ರಕ್ಕೆ ಬೀಳತ್ತೆ, ಮಿತಿ 0.027. ಸೋ ಮೊದಲಿಂದ್ಲೇ 0.02 ಇಟ್ಟೆ. ಜಾಸ್ತಿ ಇಟ್ರೆ ಥ್ರೆಶೋಲ್ಡ್ ರೋಬೋಗಳಿಗಿಂತ ಮುಂಚೆನೇ ಚಿಕ್ಕದಾಗಿ ಪ್ಯಾಕೆಟ್ ಸುರಿಮಳೆ ಶುರು ಆಗತ್ತೆ, ಉಳಿಸಕ್ಕೆ ಹೊರಟಿದ್ದೇ ಅದನ್ನ.

ಗೇನ್ 0.1 ಯಾಕೆ ಅಂದ್ರೆ, ಶುರುವಲ್ಲಿ ರೋಬೋಗಳ ನಡುವೆ ಹೆಚ್ಚಂದ್ರೆ 1 ಮೀಟರ್ ಅಂತರ, ಎರಡು ನೈಬರ್ ಸೇರಿ ಕೇಳೋ ಸ್ಪೀಡ್ ಸೆಕೆಂಡಿಗೆ 20 ಸೆಂಟಿಮೀಟರ್ ದಾಟಲ್ಲ, ಮೋಟಾರ್ ಅಷ್ಟು ಕೊಡತ್ತೆ. ಮೋಟಾರ್ ಮಿತಿಗೆ ತಾಗಿದ್ರೂ ಸರಾಸರಿ ಜಾರತ್ತೆ.

0.5 ಸೆಂಟಿಮೀಟರ್ ಸ್ಥಿರ ಭಾಗಕ್ಕೆ ಥಿಯರಿ ಹೇಳೋದು, ಎಲ್ಲಾ ರೋಬೋಗಳ ಒಟ್ಟು ಭಿನ್ನತೆಯ ನಾರ್ಮ್ (ಸರಾಸರಿಯಿಂದ ಒಂದೊಂದರ ದೂರದ ವರ್ಗಗಳನ್ನ ಕೂಡಿ ತೆಗೆದ ವರ್ಗಮೂಲ) ಸುಮಾರು 4.9 ಸೆಂಟಿಮೀಟರ್ ಒಳಗೆ ಬಂದು ನಿಲ್ಲತ್ತೆ ಅಂತ. ಅದು ವರ್ಸ್ಟ್ ಕೇಸ್, ರಿಂಗ್ ಪೂರ್ತಿ ಇದ್ದಾಗಿನ ಲೆಕ್ಕ, ನೆಲದ ಮೇಲೆ ಅದಕ್ಕಿಂತ ಚೆನ್ನಾಗೇ ಕೂತ್ವು. ಇನ್ನೂ ಕಮ್ಮಿ ಮಾಡಬಹುದಿತ್ತು, ಆದ್ರೆ ಈ ಪುಟ್ಟ ಗೇರ್ ಮೋಟಾರ್‌ಗಳು ತೀರಾ ನಿಧಾನ ಸ್ಪೀಡಿಗೆ ಜಗ್ಗೋದೇ ಇಲ್ಲ, ತಡೆದು ತಡೆದು ಆಮೇಲೆ ಒಂದು ಜರ್ಕ್ ಹೊಡೀತವೆ, ಆ ಜರ್ಕ್‌ಗಿಂತ ಚಿಕ್ಕ ಥ್ರೆಶೋಲ್ಡ್ ಇಟ್ರೆ ಪ್ರತಿ ಜರ್ಕಿಗೂ ಒಂದು ಪ್ಯಾಕೆಟ್ ಹೋಗತ್ತೆ.