ಬೈಪೋಲಾರ್ ಕಾಯಿಲೆಗೆ ಹೊಂದುವ ಔಷಧಿಯನ್ನು ಕಂಡುಕೊಳ್ಳುವಲ್ಲಿ ಮನೆಯವರ ಪಾಲು

ಮನಸ್ಸು ಕೆಲವು ಕಾಲ ಅತಿಯಾಗಿ ಉಬ್ಬುವುದು (ಉನ್ಮಾದ), ಕೆಲವು ಕಾಲ ತೀರಾ ಕುಗ್ಗುವುದು (ಖಿನ್ನತೆ) ಬೈಪೋಲಾರ್ ಕಾಯಿಲೆಯ ಲಕ್ಷಣ. ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆಯೆಂದು ಮನೋವೈದ್ಯರು ತಿಳಿಸಿದ ಮೇಲೆ, ಇದಕ್ಕೆ ಒಳ್ಳೆಯ ಔಷಧಿ ಯಾವುದು ಎಂದು ಮನೆಯವರು ಕೇಳುವುದು ಸಹಜ. ಎಲ್ಲರಿಗೂ ಒಗ್ಗುವ ಒಂದೇ ಔಷಧಿ ಈ ಕಾಯಿಲೆಗೆ ಇಲ್ಲ. ಒಬ್ಬರನ್ನು ವರ್ಷಗಟ್ಟಲೆ ಆರೋಗ್ಯವಾಗಿಟ್ಟ ಮಾತ್ರೆ ಇನ್ನೊಬ್ಬರಲ್ಲಿ ಯಾವ ಗುಣವನ್ನೂ ತೋರದೆ ಇರಬಹುದು, ಅಥವಾ ತಾಳಲಾರದ ಅಡ್ಡ ಪರಿಣಾಮವನ್ನು ತರಬಹುದು. ಯಾರಿಗೆ ಯಾವುದು ಹಿಡಿಸುತ್ತದೆ ಎಂಬುದನ್ನು ಮುಂಚಿತವಾಗಿ ಖಚಿತವಾಗಿ ಹೇಳಬಲ್ಲ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಸದ್ಯಕ್ಕೆ ಇಲ್ಲವಾದ್ದರಿಂದ, ವೈದ್ಯರು ಒಂದನ್ನು ಆರಿಸಿ ಕೊಟ್ಟು, ಕಾದು ನೋಡಿ, ಅಗತ್ಯವಿದ್ದರೆ ಬದಲಿಸುತ್ತಾರೆ. ಹೀಗೆ ಕಾಯುವ ವಾರಗಳಲ್ಲಿ ರೋಗಿಯನ್ನು ದಿನವೂ ಕಣ್ಣಾರೆ ಕಾಣುವವರು ಮನೆಯವರು. ಅವರು ಕಂಡದ್ದನ್ನು ಬರೆದಿಟ್ಟು ವೈದ್ಯರಿಗೆ ತಲುಪಿಸಿದರೆ ಸರಿಯಾದ ಔಷಧಿಯತ್ತ ಸಾಗುವ ದಾರಿ ನಿಜವಾಗಿಯೂ ಕಡಿಮೆಯಾಗುತ್ತದೆ. ಈ ಬರಹ ಆ ಕೆಲಸವನ್ನು ಕುರಿತದ್ದು. ವೈದ್ಯರ ಸಲಹೆಗೆ ಬದಲಾಗಿ ಇದನ್ನು ಬಳಸಬಾರದು.

ಮೊದಲ ಭೇಟಿಗೆ ಮುನ್ನ ಕುಟುಂಬದ ಚರಿತ್ರೆ

ಬೈಪೋಲಾರ್ ಕಾಯಿಲೆಯಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದು ಎಂಬುದನ್ನು ಅವಳಿಗಳ ಮೇಲೆ ನಡೆದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆದ್ದರಿಂದ ತಂದೆತಾಯಿ, ಒಡಹುಟ್ಟಿದವರು, ಅಜ್ಜ ಅಜ್ಜಿ, ಚಿಕ್ಕಪ್ಪ, ಸೋದರಮಾವ, ಅತ್ತೆ ಹೀಗೆ ರಕ್ತಸಂಬಂಧಿಗಳಲ್ಲಿ ಯಾರಿಗೆ ಏನಾಗಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಿರಿಯರ ಕಾಯಿಲೆಗೆ ಯಾರೂ ಹೆಸರು ಹಿಡಿದು ಹೇಳಿರುವುದಿಲ್ಲ. ಹೆಸರು ಬೇಕಾಗಿಯೂ ಇಲ್ಲ. ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳದಿದ್ದವರು, ರಾತ್ರಿಯಿಡೀ ಎಚ್ಚರವಿದ್ದು ಆಸ್ತಿ ಮಾರಿ ದೊಡ್ಡ ವ್ಯವಹಾರಕ್ಕೆ ಕೈಹಾಕಿದವರು, ಆತ್ಮಹತ್ಯೆ ಮಾಡಿಕೊಂಡವರು, ಕುಡಿತಕ್ಕೆ ಬಿದ್ದವರು, ಹೆರಿಗೆಯ ನಂತರ ತೀವ್ರವಾಗಿ ಮಾನಸಿಕ ಅಸ್ವಸ್ಥರಾದವರು ಇದ್ದರೆ ಅಷ್ಟನ್ನೇ ಬರೆಯಿರಿ. ಇಂಥ ಸಂಗತಿಗಳನ್ನು ಮರ್ಯಾದೆಯ ಪ್ರಶ್ನೆ ಎಂದು ಮುಚ್ಚಿಡುವ ಮನೆಗಳೇ ಹೆಚ್ಚು, ಆದರೆ ವೈದ್ಯರ ಕೋಣೆಯಲ್ಲಿ ಮುಚ್ಚಿಟ್ಟದ್ದರ ನಷ್ಟವನ್ನು ಅನುಭವಿಸುವವರು ರೋಗಿ.

ಸಂಬಂಧಿಕರಲ್ಲಿ ಯಾರಾದರೂ ಚಿಕಿತ್ಸೆ ಪಡೆದಿದ್ದರೆ ಯಾವ ಮಾತ್ರೆ ಅವರಿಗೆ ಹಿಡಿಸಿತು, ಯಾವುದರಿಂದ ತೊಂದರೆಯಾಯಿತು ಎಂಬುದನ್ನೂ ಸೇರಿಸಿ. ವಿಶೇಷವಾಗಿ ಲಿಥಿಯಂ ಎಂಬ ಔಷಧಿ ಚೆನ್ನಾಗಿ ಕೆಲಸಮಾಡುವ ಗುಣ ಕೆಲವು ಕುಟುಂಬಗಳಲ್ಲಿ ಒಟ್ಟಾಗಿ ಕಾಣಿಸಿಕೊಳ್ಳುತ್ತದೆ. ತಾಯಿಗೋ ಅಣ್ಣನಿಗೋ ಅದರಿಂದ ಪೂರ್ಣ ಗುಣವಾಗಿದ್ದರೆ ಅದನ್ನು ಮೊದಲು ಪ್ರಯತ್ನಿಸಲು ವೈದ್ಯರಿಗೆ ಒಂದು ಕಾರಣ ಸಿಕ್ಕಂತಾಯಿತು. ಇದು ಸುಳಿವು ಮಾತ್ರ. ಅಕ್ಕನ ಮಾತ್ರೆಯನ್ನು ತಮ್ಮನಿಗೆ ಕೊಟ್ಟು ನೋಡುವುದು ಸರ್ವಥಾ ಸಲ್ಲದು, ಏಕೆಂದರೆ ಮೂತ್ರಪಿಂಡದ ಸ್ಥಿತಿ, ತೂಕ, ವಯಸ್ಸು, ಜೊತೆಗೆ ತೆಗೆದುಕೊಳ್ಳುವ ಬೇರೆ ಔಷಧಿಗಳು ಒಬ್ಬೊಬ್ಬರಲ್ಲಿ ಒಂದೊಂದು ಬಗೆ.

ಈ ಹಾಳೆ ಅತ್ಯಂತ ಹೆಚ್ಚು ಉಪಯೋಗಕ್ಕೆ ಬರುವುದು ರೋಗಿ ಖಿನ್ನತೆಯೆಂದು ವೈದ್ಯರ ಬಳಿ ಹೋದಾಗ. ಜನ ಸಾಮಾನ್ಯವಾಗಿ ಆಸ್ಪತ್ರೆಗೆ ಹೋಗುವುದು ಮನಸ್ಸು ಕುಗ್ಗಿದ ದಿನಗಳಲ್ಲಿ. ಉಬ್ಬಿದ ದಿನಗಳನ್ನು ರೋಗಿ ತನ್ನ ಜೀವನದ ಒಳ್ಳೆಯ ದಿನಗಳೆಂದೇ ನೆನಪಿಟ್ಟುಕೊಂಡಿರುತ್ತಾರೆ, ಹೀಗಾಗಿ ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ಆಗ ಕೇವಲ ಖಿನ್ನತೆ ಎಂದು ತಿಳಿದು ಖಿನ್ನತೆ ನಿವಾರಕ ಮಾತ್ರೆಯೊಂದನ್ನೇ ಕೊಟ್ಟರೆ, ಕೆಲವರಲ್ಲಿ ಅದು ಉನ್ಮಾದವನ್ನು ಕೆರಳಿಸುತ್ತದೆ. ಮೂರು ನಾಲ್ಕು ಗಂಟೆ ಮಾತ್ರ ಮಲಗಿಯೂ ದಣಿವಿಲ್ಲದೆ ಓಡಾಡಿದ ದಿನಗಳು, ತಡೆಯಿಲ್ಲದ ಮಾತು, ಕೈಮೀರಿದ ಖರ್ಚು, ಒಂದರ ಮೇಲೊಂದು ಹೊಸ ಯೋಜನೆ, ಮೂಗಿನ ತುದಿಯ ಕೋಪ ಇವು ಹಿಂದೆ ಯಾವಾಗಲಾದರೂ ಕೆಲವು ದಿನ ಬಿಡದೆ ಇದ್ದವೇ ಎಂಬುದನ್ನು ಹೇಳಬಲ್ಲವರು ಜೊತೆಯಲ್ಲಿ ಬದುಕಿದವರು ಮಾತ್ರ. ಈ ಒಂದು ಮಾಹಿತಿ ಇಡೀ ಚಿಕಿತ್ಸೆಯ ದಿಕ್ಕನ್ನೇ ಬದಲಿಸಬಲ್ಲದು.

ಔಷಧಿಗಳು: ಯಾವುದು ಯಾವುದಕ್ಕೆ

ಉನ್ಮಾದವನ್ನು ಇಳಿಸುವುದು, ಖಿನ್ನತೆಯಿಂದ ಮೇಲೆತ್ತುವುದು, ಎರಡೂ ಮರುಕಳಿಸದಂತೆ ತಡೆಯುವುದು ಇವು ಮೂರು ಬೇರೆ ಬೇರೆ ಕೆಲಸಗಳು, ಮತ್ತು ಎಲ್ಲ ಔಷಧಿಗಳೂ ಮೂರನ್ನೂ ಸಮನಾಗಿ ಮಾಡುವುದಿಲ್ಲ. ಹೊಸ ಮಾತ್ರೆ ಬರೆದಾಗಲೆಲ್ಲ ಇದು ಈ ಮೂರರಲ್ಲಿ ಯಾವುದಕ್ಕೆ ಎಂದು ವೈದ್ಯರನ್ನು ಕೇಳಿ ಬರೆದುಕೊಳ್ಳುವುದು ಒಳ್ಳೆಯದು.

ಲಿಥಿಯಂ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಅದು ಉನ್ಮಾದವನ್ನು ತಗ್ಗಿಸುತ್ತದೆಂದು ವರದಿಮಾಡಿದರು. ಅಂದಿನಿಂದ ಎಷ್ಟೋ ಹೊಸ ಔಷಧಿಗಳು ಬಂದರೂ ಮರುಕಳಿಕೆಯನ್ನು ತಡೆಯುವುದರಲ್ಲಿ ಅದರ ಸ್ಥಾನ ಕದಲಿಲ್ಲ, ಆತ್ಮಹತ್ಯೆಯ ಅಪಾಯವನ್ನು ಕಡಿಮೆ ಮಾಡುವುದರಲ್ಲಿಯೂ ಅದಕ್ಕೆ ಹೆಚ್ಚಿನ ಪುರಾವೆಯಿದೆ. ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗಿರಬೇಕು, 1.5 ದಾಟಿದರೆ ಅಪಾಯ ಹತ್ತಿರವಾಯಿತೆಂದೇ ತಿಳಿಯಬೇಕು. ರಕ್ತವನ್ನು ಕೊನೆಯ ಮಾತ್ರೆ ನುಂಗಿದ 12 ಗಂಟೆಗಳ ನಂತರ ಕೊಡಬೇಕು: ರಾತ್ರಿ 9ಕ್ಕೆ ಮಾತ್ರೆ ತೆಗೆದುಕೊಂಡವರು ಬೆಳಿಗ್ಗೆ 9ಕ್ಕೆ ರಕ್ತ ಕೊಟ್ಟು, ಬೆಳಗಿನ ಮಾತ್ರೆ ಇದ್ದರೆ ಅದನ್ನು ಆಮೇಲೆ ತೆಗೆದುಕೊಳ್ಳಬೇಕು. ಮಾತ್ರೆ ನುಂಗಿ ಪ್ರಯೋಗಾಲಯಕ್ಕೆ ಹೋದರೆ ಮಟ್ಟ ಇರುವುದಕ್ಕಿಂತ ಹೆಚ್ಚು ಕಾಣಿಸುತ್ತದೆ, ಅದನ್ನು ನಂಬಿ ಡೋಸ್ ಇಳಿಸಿದರೆ ಕೆಲಸಮಾಡುತ್ತಿದ್ದ ಔಷಧಿಯೂ ಸೋತಂತೆ ತೋರುತ್ತದೆ. ಡೋಸ್ ಬದಲಿಸಿದ ಸುಮಾರು ಒಂದು ವಾರಕ್ಕೆ ಮಟ್ಟವನ್ನು ನೋಡುತ್ತಾರೆ. ಅದಲ್ಲದೆ ಮೂತ್ರಪಿಂಡ, ಥೈರಾಯ್ಡ್, ಕ್ಯಾಲ್ಸಿಯಂ ಪರೀಕ್ಷೆಗಳನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಮಾಡಿಸಬೇಕು.

ಮನೆಯಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿಯೆಂದರೆ ದೇಹದಲ್ಲಿ ನೀರು ಮತ್ತು ಉಪ್ಪಿನ ಅಂಶ ಕಡಿಮೆಯಾದರೆ ಲಿಥಿಯಂ ಮಟ್ಟ ಏರುತ್ತದೆ. ವಾಂತಿ, ಭೇದಿ, ಜ್ವರ, ವಿಪರೀತ ಬೆವರು, ಉಪವಾಸ, ಇದ್ದಕ್ಕಿದ್ದಂತೆ ಉಪ್ಪು ಬಿಡುವುದು ಇವೆಲ್ಲ ಅದೇ ಪರಿಣಾಮವನ್ನು ತರುತ್ತವೆ. ನೋವಿಗೆಂದು ತೆಗೆದುಕೊಳ್ಳುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮತ್ತು ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳೂ ಹಾಗೆಯೇ. ಕೈ ಜೋರಾಗಿ ನಡುಗುವುದು, ತೂರಾಡುವ ನಡಿಗೆ, ತೊದಲುವ ಮಾತು, ವಾಂತಿ, ಗೊಂದಲ ಕಂಡರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ವಾಲ್‌ಪ್ರೋಯೇಟ್ ಉನ್ಮಾದವನ್ನು ಬೇಗ ಹತೋಟಿಗೆ ತರುತ್ತದೆ. ಆದರೆ ಗರ್ಭದಲ್ಲಿರುವಾಗ ಈ ಔಷಧಿಗೆ ಒಡ್ಡಿಕೊಂಡ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಂದಕ್ಕೆ ಜನ್ಮಜಾತ ನ್ಯೂನತೆ, ಹತ್ತರಲ್ಲಿ ಮೂರು ನಾಲ್ಕು ಮಕ್ಕಳಿಗೆ ಬೆಳವಣಿಗೆಯ ತೊಂದರೆ ಕಾಣುವುದರಿಂದ, ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಬರೆದಾಗ ಬೇರೆ ದಾರಿಯಿದೆಯೇ ಎಂದು ಸಂಕೋಚವಿಲ್ಲದೆ ಕೇಳಲೇಬೇಕು. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಗರ್ಭಿಣಿಯಾದರೆ ತಾವಾಗಿಯೇ ನಿಲ್ಲಿಸದೆ ಅಂದೇ ವೈದ್ಯರನ್ನು ಕಾಣಬೇಕು.

ಲ್ಯಾಮೋಟ್ರಿಜಿನ್ ಖಿನ್ನತೆ ಮರುಕಳಿಸದಂತೆ ತಡೆಯುವುದರಲ್ಲಿ ಒಳ್ಳೆಯದು, ಉನ್ಮಾದ ಇಳಿಸುವುದರಲ್ಲಿ ಅಲ್ಲ. ಇದನ್ನು ನಿಧಾನವಾಗಿಯೇ ಏರಿಸಬೇಕು: ಸಾಮಾನ್ಯವಾಗಿ ಎರಡು ವಾರ 25 ಮಿಲಿಗ್ರಾಂ, ಮತ್ತೆರಡು ವಾರ 50, ಆಮೇಲೆ ಇನ್ನೂ ಮೇಲಕ್ಕೆ, ವಾಲ್‌ಪ್ರೋಯೇಟ್ ಜೊತೆಗಿದ್ದರೆ ಇದರ ಅರ್ಧದಷ್ಟು. ಅವಸರಿಸಿದರೆ ಚರ್ಮ ಸುಲಿದು ಹೋಗುವಂಥ ಗಂಭೀರ ಅಲರ್ಜಿಯ ಅಪಾಯವಿದೆ. ಮೊದಲ ಕೆಲವು ವಾರಗಳಲ್ಲಿ ಮೈಮೇಲೆ ಗುಳ್ಳೆ, ಬಾಯಿಹುಣ್ಣು, ಜ್ವರ ಕಂಡರೆ ಮುಂದಿನ ಮಾತ್ರೆಗೆ ಮುನ್ನವೇ ವೈದ್ಯರಿಗೆ ತಿಳಿಸಿ. ಐದು ದಿನಕ್ಕಿಂತ ಹೆಚ್ಚು ಮಾತ್ರೆ ತಪ್ಪಿದ್ದರೆ ಹಳೆಯ ಡೋಸಿಗೇ ಮರಳಬಾರದು, ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಕಾರ್ಬಮಝೆಪಿನ್ ಈಗ ಎರಡನೆಯ ಸಾಲಿನ ಆಯ್ಕೆ, ಅಂದರೆ ಮೊದಲ ಔಷಧಿಗಳು ಒಗ್ಗದಿದ್ದಾಗ ನೋಡುವಂಥದ್ದು. ಎಚ್‌ಎಲ್‌ಎ-ಬಿ 1502 ಎಂಬ ಜೀನ್ ರೂಪ ಇರುವವರಲ್ಲಿ ಅದೇ ಬಗೆಯ ಚರ್ಮದ ಅಪಾಯ ಬಹಳ ಹೆಚ್ಚು. ಏಷ್ಯಾ ಮೂಲದವರಲ್ಲಿ ಇದು ಹೆಚ್ಚಾಗಿ ಕಾಣುವುದರಿಂದ ಮೊದಲೇ ಪರೀಕ್ಷಿಸುವ ಪದ್ಧತಿಯಿದೆ. ಗರ್ಭನಿರೋಧಕ ಮಾತ್ರೆಯ ಬಲವನ್ನೂ ಇದು ಕುಗ್ಗಿಸುತ್ತದೆ. ಇನ್ನು ಕ್ವೆಟಿಯಾಪಿನ್, ಒಲಾಂಝಪಿನ್, ರಿಸ್ಪೆರಿಡೋನ್, ಅರಿಪಿಪ್ರಜೋಲ್ ಮುಂತಾದ ಆಂಟಿಸೈಕೋಟಿಕ್ (ಮನೋವಿಕಾರ ನಿವಾರಕ) ಔಷಧಿಗಳು ಉನ್ಮಾದದಲ್ಲಿ ಬೇಗ ಕೆಲಸಮಾಡುತ್ತವೆ. ಕ್ವೆಟಿಯಾಪಿನ್ ಬೈಪೋಲಾರ್ ಖಿನ್ನತೆಗೂ ಉಪಯುಕ್ತ, ಇದೇ ಗುಂಪಿನ ಲುರಾಸಿಡೋನ್ ಉಪಯೋಗಕ್ಕೆ ಬರುವುದು ಖಿನ್ನತೆಗೆ, ಉನ್ಮಾದಕ್ಕಲ್ಲ. ಒಲಾಂಝಪಿನ್ ತೂಕವನ್ನೂ ಸಕ್ಕರೆಯನ್ನೂ ಏರಿಸುವುದರಲ್ಲಿ ಮುಂದಿದೆ, ಲುರಾಸಿಡೋನನ್ನು ಊಟದ ಜೊತೆಯಲ್ಲಿ ತೆಗೆದುಕೊಳ್ಳದಿದ್ದರೆ ಅದು ಸರಿಯಾಗಿ ದೇಹಕ್ಕೆ ಹತ್ತುವುದಿಲ್ಲ.

ಕಾಯುವ ಕಾಲದ ದಿನಚರಿ

ಒಂದು ಔಷಧಿ ಸೋತಿತು ಎಂದು ತೀರ್ಮಾನಿಸುವ ಮೊದಲು ಅದಕ್ಕೆ ಸಾಕಷ್ಟು ಡೋಸೂ ಸಾಕಷ್ಟು ಸಮಯವೂ ಸಿಕ್ಕಿತ್ತೇ ಎಂದು ನೋಡಬೇಕು. ಉನ್ಮಾದ ಇಳಿಯಲು ಒಂದರಿಂದ ಮೂರು ವಾರ, ಖಿನ್ನತೆ ತಿಳಿಯಾಗಲು ನಾಲ್ಕರಿಂದ ಆರು ವಾರ ಅಥವಾ ಇನ್ನೂ ಹೆಚ್ಚು ಬೇಕಾಗುತ್ತದೆ. ಮರುಕಳಿಕೆ ನಿಂತಿತೇ ಎಂದು ಹೇಳಲು ಎಷ್ಟೋ ತಿಂಗಳು ಹಿಡಿಯುತ್ತದೆ. ಹತ್ತು ದಿನಕ್ಕೊಬ್ಬ ವೈದ್ಯರನ್ನು ಬದಲಿಸುವ ಕುಟುಂಬಗಳಲ್ಲಿ ಯಾವ ಔಷಧಿಗೂ ತನ್ನ ಗುಣ ತೋರಿಸುವ ಅವಕಾಶವೇ ಸಿಗುವುದಿಲ್ಲ.

ದಿನವೂ ಎರಡು ಸಾಲು ಬರೆದರೆ ಸಾಕು. ಉದಾಹರಣೆಗೆ: ಮಂಗಳವಾರ, ನಿದ್ದೆ 4 ಗಂಟೆ, ಮನಸ್ಸು +2, ಕಿರಿಕಿರಿ ಇತ್ತು, ಮಾತ್ರೆ ಎರಡೂ ಹೊತ್ತು ಆಯಿತು, ಸಂಜೆ ಕೈ ನಡುಕ. ಸೊನ್ನೆಯನ್ನು ಸಹಜ ಸ್ಥಿತಿಯೆಂದು ಇಟ್ಟುಕೊಂಡು, ಉಬ್ಬಿದ್ದನ್ನು +3ರವರೆಗೆ, ಕುಗ್ಗಿದ್ದನ್ನು -3ರವರೆಗೆ ಗುರುತಿಸಬಹುದು. ಸಾಧ್ಯವಾದಷ್ಟೂ ಅಂಕಿಯನ್ನು ರೋಗಿಯೇ ಹಾಕಲಿ. ಮನೆಯವರ ಅಂದಾಜು ಬೇರೆಯಾಗಿದ್ದರೆ ಪಕ್ಕದಲ್ಲಿ ಬರೆದುಕೊಳ್ಳಲಿ, ಆ ವ್ಯತ್ಯಾಸವೇ ವೈದ್ಯರಿಗೆ ಒಂದು ವಿಷಯವನ್ನು ತಿಳಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನಿದ್ದೆಯ ಗಂಟೆಯನ್ನು ಬಿಡದೆ ಬರೆಯಿರಿ, ಏಕೆಂದರೆ ಉನ್ಮಾದ ಬರುವ ಮುನ್ನ ಬಹಳ ಜನರಲ್ಲಿ ಮೊದಲು ಕಡಿಮೆಯಾಗುವುದು ಅದೇ. ಡೋಸ್ ಬದಲಾದ ದಿನ, ಮುಟ್ಟಿನ ದಿನಗಳು, ಮದ್ಯ, ಪ್ರಯಾಣ, ಜಗಳ ಇವನ್ನೂ ಗುರುತುಹಾಕಿ. ತುರ್ತು ಇಲ್ಲದಿದ್ದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬಹುದೇ ಎಂದು ವೈದ್ಯರನ್ನು ಕೇಳಿ. ಎರಡು ಮಾತ್ರೆ ಒಟ್ಟಿಗೆ ಬದಲಾದರೆ ಗುಣವಾದದ್ದು ಯಾವುದರಿಂದ, ತೊಂದರೆಯಾದದ್ದು ಯಾವುದರಿಂದ ಎಂದು ಯಾರಿಗೂ ತಿಳಿಯದು.

ಆಂಟಿಸೈಕೋಟಿಕ್ ಆರಂಭಿಸಿದ ದಿನಗಳಲ್ಲಿ ಕೆಲವರಿಗೆ ಕುಳಿತಲ್ಲಿ ಕೂರಲಾಗದ, ಕಾಲು ಒಂದೇ ಸಮನೆ ಅಲ್ಲಾಡಿಸುವ, ಒಳಗಿನಿಂದಲೇ ಚಡಪಡಿಸುವ ಸ್ಥಿತಿ ಬರುತ್ತದೆ. ಇದು ಮಾತ್ರೆಯ ಅಡ್ಡ ಪರಿಣಾಮ. ಇದನ್ನು ಕಾಯಿಲೆಯೇ ಹೆಚ್ಚಾಯಿತೆಂದು ತಿಳಿದು ಡೋಸ್ ಏರಿಸಿದರೆ ಹಿಂಸೆ ಇನ್ನೂ ಹೆಚ್ಚುತ್ತದೆ. ಹಾಗಾಗಿ ಅದು ಯಾವ ಮಾತ್ರೆಯ ಎಷ್ಟನೆಯ ದಿನ ಶುರುವಾಯಿತೆಂದು ಹೇಳಿದರೆ ವೈದ್ಯರಿಗೆ ಎರಡನ್ನೂ ಬೇರ್ಪಡಿಸಿ ನೋಡಲು ಸಾಧ್ಯವಾಗುತ್ತದೆ.

ಎರಡು ಮೂರು ಔಷಧಿಗಳು ನಿಜವಾಗಿಯೂ ಸೋತರೆ, ನಾಲ್ಕನೆಯದಕ್ಕೆ ಕೈಹಾಕುವ ಮುನ್ನ ಮಾತ್ರೆಗಳು ತಪ್ಪದೆ ಹೊಟ್ಟೆ ಸೇರಿವೆಯೇ, ಮದ್ಯ ಅಥವಾ ಮಾದಕ ವಸ್ತು ಇದೆಯೇ, ಥೈರಾಯ್ಡ್ ಸರಿಯಿದೆಯೇ, ಬೇರೆ ಕಾಯಿಲೆಗೆ ಸ್ಟೆರಾಯ್ಡ್ ನಡೆಯುತ್ತಿದೆಯೇ ಎಂಬುದನ್ನು ವೈದ್ಯರೊಡನೆ ಕುಳಿತು ಪರಿಶೀಲಿಸಿ. ಜನ ಅಂಜುವ ವಿದ್ಯುತ್ ಚಿಕಿತ್ಸೆಯೂ, ಅಂದರೆ ಇಸಿಟಿಯೂ, ಅರಿವಳಿಕೆಯಲ್ಲಿ ಕೊಡುವ ಪರಿಣಾಮಕಾರಿ ಚಿಕಿತ್ಸೆ. ತೀವ್ರ ಸ್ಥಿತಿಯಲ್ಲಿ ವೈದ್ಯರು ಅದನ್ನು ಸೂಚಿಸಿದರೆ ಕೇಳಿಸಿಕೊಳ್ಳದೆಯೇ ತಳ್ಳಿಹಾಕಬೇಡಿ.

ಹೊಂದಿದ ಔಷಧಿಯನ್ನು ಉಳಿಸಿಕೊಳ್ಳುವುದು

ಚೆನ್ನಾಗಿದ್ದೇನೆ, ಇನ್ನೇಕೆ ಮಾತ್ರೆ ಎಂಬ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಗದರಿಸಿ ಬಾಯಿ ಮುಚ್ಚಿಸಿದರೆ ಆಕೆ ಅಥವಾ ಆತ ಮಾತ್ರೆಯನ್ನು ಗುಟ್ಟಾಗಿ ಬಿಸಾಡುತ್ತಾರೆ. ಯಾವ ತೊಂದರೆಯಿಂದ ಬಿಡಬೇಕೆನಿಸಿದೆ ಎಂದು ಕೇಳಿ: ಹೆಚ್ಚಿದ ತೂಕ, ಮಂಕು, ಲೈಂಗಿಕ ತೊಂದರೆ, ಹೊಳಪು ಕಳೆದುಕೊಂಡಂಥ ಮನಸ್ಸು. ಇವೆಲ್ಲ ನಿಜವಾದ ಕಷ್ಟಗಳು, ಮತ್ತು ಇವುಗಳಲ್ಲಿ ಅನೇಕಕ್ಕೆ ಡೋಸ್ ಇಳಿಸುವುದರಿಂದಲೋ ಸಮಯ ಬದಲಿಸುವುದರಿಂದಲೋ ಪರಿಹಾರವಿದೆ. ಒಮ್ಮೆಲೇ ನಿಲ್ಲಿಸುವುದು ಮಾತ್ರ ಕೂಡದು. ಲಿಥಿಯಂ ಹಠಾತ್ತನೆ ನಿಲ್ಲಿಸಿದವರಲ್ಲಿ ಉನ್ಮಾದ ಬೇಗನೆ ಮರುಕಳಿಸುತ್ತದೆ. ನಿಲ್ಲಿಸಲೇಬೇಕಾದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳಲ್ಲಿ ಇಳಿಸುತ್ತಾರೆ.

ಊಟದಲ್ಲಿ ಮಾತ್ರೆ ಬೆರೆಸಿ ಕೊಡುವ ದಾರಿಯನ್ನು ಹಿಡಿಯಬೇಡಿ. ಅದು ತಿಳಿದ ದಿನ ವಿಶ್ವಾಸ ಮುರಿಯುತ್ತದೆ, ಆಮೇಲೆ ಊಟವನ್ನೂ ಔಷಧಿಯನ್ನೂ ಒಟ್ಟಿಗೆ ಸಂಶಯದಿಂದ ನೋಡುತ್ತಾರೆ. ಅದರ ಬದಲು ಮನಸ್ಸು ಸ್ಥಿಮಿತದಲ್ಲಿರುವಾಗಲೇ ರೋಗಿಯೊಡನೆ ಕುಳಿತು ಒಂದು ಒಪ್ಪಂದವನ್ನು ಬರೆದುಕೊಳ್ಳಿ: ಯಾವ ಲಕ್ಷಣ ಕಂಡರೆ ಯಾರು ವೈದ್ಯರಿಗೆ ಫೋನ್ ಮಾಡಬಹುದು, ಯಾವ ಔಷಧಿ ಹಿಂದೆ ಒಗ್ಗಲಿಲ್ಲ, ಹಣದ ವ್ಯವಹಾರವನ್ನು ಆಗ ಯಾರು ನೋಡಿಕೊಳ್ಳಬೇಕು, ಮನೆಯವರು ವೈದ್ಯರೊಡನೆ ಎಷ್ಟರ ಮಟ್ಟಿಗೆ ಮಾತಾಡಬಹುದು. ಅದರ ಒಂದು ಪ್ರತಿ ವೈದ್ಯರ ಕಡತದಲ್ಲಿರಲಿ.

ಮಾತ್ರೆಗಳನ್ನು ಇಡುವ ಬಗ್ಗೆಯೂ ಎಚ್ಚರ ಬೇಕು. ಲಿಥಿಯಂ ಅತಿಯಾಗಿ ನುಂಗಿದರೆ ಪ್ರಾಣಾಪಾಯವಿದೆ. ಖಿನ್ನತೆ ತೀವ್ರವಾಗಿರುವಾಗ, ಸಾವಿನ ಮಾತು ಬಂದಿರುವಾಗ, ಒಂದೆರಡು ವಾರಕ್ಕೆ ಸಾಕಾಗುವಷ್ಟನ್ನೇ ಬರೆದುಕೊಡಿ ಎಂದು ವೈದ್ಯರನ್ನು ಕೇಳಿ, ಮಾತ್ರೆಗಳನ್ನು ಒಬ್ಬರು ಬೀಗದಲ್ಲಿಟ್ಟು ದಿನದ್ದನ್ನು ದಿನ ಕೊಡಲಿ, ನಿಲ್ಲಿಸಿದ ಹಳೆಯ ಔಷಧಿಗಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಸಾಯುವ ಯೋಜನೆಯನ್ನೇ ಬಾಯಿಬಿಟ್ಟು ಹೇಳಿದರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ, ಅವರನ್ನು ಒಂಟಿಯಾಗಿ ಬಿಡದೆ, ಆಗಲೇ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ. ಹೋಗುವಾಗ ದಿನಚರಿಯನ್ನೂ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹಾಳೆಗಳನ್ನೂ ಜೊತೆಯಲ್ಲಿ ಒಯ್ಯಿರಿ.